ಐ7 ಅನ್ನೋ ಹೆಸರಿಗೆ ಮರುಳಾಗಬೇಡ, ಸಿದ್ದು

ಬೆಂಗಳೂರು

ಪ್ರೀತಿಯ ಸಿದ್ದು,

ನೀನು ಕಳಿಸಿದ ಕೊಟೇಶನ್ನಿನ ಫೋಟೊ ನೋಡಿದೆ. ಬಿಲ್‌ಬುಕ್ಕಿನ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದಿದ್ದು ಇಷ್ಟೇ: ‘ಐ7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, 2 ಜಿಬಿ ಗ್ರಾಫಿಕ್ಸ್.’ ಕೆಳಗೆ 28,000 ರೂಪಾಯಿ. ‘ಅಕ್ಕಾ, ಐವತ್ತು ಸಾವಿರದಾಗ ಇನ್ನೂ ಇಪ್ಪತ್ತೆರಡು ಉಳೀತದ, ತಗೊಳ್ಲೇನು?’ ಅಂತ ಕೇಳಿದ್ದೀ.

ಬೇಡ, ಸಿದ್ದು. ಅಡ್ವಾನ್ಸ್ ಕೊಟ್ಟಿಲ್ಲ ಅನ್ನುವುದು ಒಳ್ಳೆಯದಾಯಿತು. ವರ್ಷವಿಡೀ ಸಂಜೆ ಝೆರಾಕ್ಸ್ ಅಂಗಡಿಯಲ್ಲಿ ನಿಂತು ಕೂಡಿಸಿದ ದುಡ್ಡು ಅದು. ಅದರಲ್ಲಿ ಅಜ್ಜಿ ಕೊಟ್ಟದ್ದೂ ಇದೆ. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ. ಅಂಗಡಿಗೆ ಹೋಗುವಾಗ ಈ ಪತ್ರ ಜೇಬಿನಲ್ಲಿರಲಿ.

ಆ ಹಾಳೆಯಲ್ಲಿ ಐ7 ಅಂತ ಇದೆ, ಯಾವ ಐ7 ಅಂತ ಇಲ್ಲ. ನಾನು ಹೇಳಿದ ಮೇಲೆ ನೀನು ಕೇಳಿ ತಿಳಿಸಿದೆಯಲ್ಲ, ಐ7-2600 ಅಂತ. ಅದು 2011ರ ಜನವರಿಯಲ್ಲಿ ಬಂದ ಪ್ರೊಸೆಸರ್. ಆಗ ನೀನು ಅಂಗನವಾಡಿಗೆ ಹೋಗುತ್ತಿದ್ದೆ. ಆ ಕಾಲಕ್ಕೆ ಅದು ಒಳ್ಳೆಯ ಮಾಲೇ. ನಾಲ್ಕು ಕೋರ್, ಎಂಟು ಥ್ರೆಡ್. ಆಫೀಸುಗಳು ಹತ್ತು ವರ್ಷ ದುಡಿಸಿ ಲಾಟಿನಲ್ಲಿ ಮಾರಿದ ಪೆಟ್ಟಿಗೆಗಳಿಗೆ ಬಣ್ಣದ ಲೈಟಿನ ಕ್ಯಾಬಿನೆಟ್ ತೊಡಿಸಿ ಈಗ ‘ಗೇಮಿಂಗ್ ಪಿಸಿ’ ಅಂತ ಮಾರುತ್ತಾರೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಯಿಂದ ಮೇಲಿನದು ಬೇಕು, ಇದು ಎರಡನೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನೀನು ಆಡುವ ವ್ಯಾಲೊರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಇಲ್ಲದೆ ತೆರೆಯುವುದೇ ಇಲ್ಲ. ಎವಿಎಕ್ಸ್2 ಅನ್ನುವ ಸೂಚನೆಗಳ ಗುಂಪು ಇಂಟೆಲ್‌ಗೆ ಬಂದದ್ದು 2013ರಲ್ಲಿ. ಅದನ್ನು ಬೇಡುವ ಹೊಸ ಆಟಗಳು ಆ ಹಳೆಯ ಐ7 ಮೇಲೆ ಶುರುವೇ ಆಗುವುದಿಲ್ಲ.

3, 5, 7 ಅನ್ನುವುದು ಆಯಾ ವರ್ಷದ ತಂಡದೊಳಗಿನ ದರ್ಜೆ, ಅಷ್ಟೇ. ಹಳೆಯ ತಂಡದ ಏಳಕ್ಕಿಂತ ಹೊಸ ತಂಡದ ಮೂರು ಮೇಲಿರಬಹುದು. 2022ರಲ್ಲಿ ಬಂದ ಕೋರ್ ಐ3-12100ಎಫ್‌ಗೂ ನಾಲ್ಕೇ ಕೋರ್, ಎಂಟೇ ಥ್ರೆಡ್. ಆದರೂ ಆಟದಲ್ಲಿ ಆ ಐ7 ಇದರ ಹತ್ತಿರಕ್ಕೂ ಬರುವುದಿಲ್ಲ. ಒಂದೊಂದು ಗಡಿಯಾರದ ಮಿಡಿತದಲ್ಲಿ ಮುಗಿಸುವ ಕೆಲಸವೇ ಈ ವರ್ಷಗಳಲ್ಲಿ ಅಷ್ಟು ಹೆಚ್ಚಿದೆ. ಹಾಗಾಗಿ ಅಂಗಡಿಯಲ್ಲಿ ಮೊದಲು ಪೂರ್ತಿ ಮಾಡೆಲ್ ನಂಬರ್ ಕೇಳು, ಆಮೇಲೆ ಅದು ಬಂದ ವರ್ಷ ಕೇಳು. ಹೇಳಲಿಲ್ಲವೋ, ಪಕ್ಕದ ಅಂಗಡಿಗೆ ಹೋಗು.

ಈಗ ಆಟದ ವಿಷಯಕ್ಕೆ ಬರೋಣ. ಪ್ರೊಸೆಸರ್ ಅಲ್ಲಿ ಏನು ಮಾಡುತ್ತದೆ ಅಂತ ಗೊತ್ತಾದರೆ ಎಷ್ಟು ದುಡ್ಡು ಹಾಕಬೇಕು ಅನ್ನುವುದೂ ಗೊತ್ತಾಗುತ್ತದೆ.

ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. 144 ಬೇಕೆಂದರೆ ಏಳಕ್ಕೂ ಕಡಿಮೆ. ಆ ಹೊತ್ತಿನೊಳಗೆ ನೀನು ಮೌಸ್ ಎತ್ತ ತಿರುಗಿಸಿದೆ, ಎದುರಾಳಿ ಎಲ್ಲಿದ್ದಾನೆ, ಹಾರಿಸಿದ ಗುಂಡು ಗೋಡೆಗೆ ಬಿತ್ತೋ ತಲೆಗೆ ಬಿತ್ತೋ, ರಸ್ತೆಯಲ್ಲಿ ಕಾರುಗಳು ಯಾವ ಕಡೆ ಹೊರಟಿವೆ ಎಲ್ಲವನ್ನೂ ಪ್ರೊಸೆಸರ್ ಲೆಕ್ಕ ಹಾಕಿ, ‘ಇಂಥದ್ದನ್ನು ಇಂಥಲ್ಲಿ ಬಿಡಿಸು’ ಅಂತ ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಬೇಕು. ಚಿತ್ರ ಬಿಡಿಸುವ ಕೆಲಸ ಕಾರ್ಡಿನದು. ಶರಣಬಸವೇಶ್ವರ ಜಾತ್ರೆಯ ದಾಸೋಹದಲ್ಲಿ ಒಳಗೆ ಅಡುಗೆ ತಡವಾದರೆ ಬಡಿಸುವವರು ಖಾಲಿ ಬಕೆಟ್ ಹಿಡಿದು ನಿಲ್ಲುತ್ತಾರೆ; ಬಡಿಸುವವರು ಇಬ್ಬರೇ ಆದರೆ ಒಳಗೆ ಕೊಪ್ಪರಿಗೆ ತುಂಬಿ ಕಾಯುತ್ತದೆ. ಇಬ್ಬರಲ್ಲಿ ಯಾರು ನಿಧಾನವೋ ನಿನ್ನ ಆಟದ ವೇಗ ಅವರದೇ.

ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದ ಆಟಗಳಲ್ಲಿ ಚಿತ್ರದ ಭಾರ ಕಡಿಮೆ, ಲೆಕ್ಕದ ಭಾರ ಜಾಸ್ತಿ. ಅಲ್ಲಿ ಪ್ರೊಸೆಸರ್ ದುಡಿಯಬೇಕು. ಜಿಟಿಎ 5ರಲ್ಲೂ ಅಷ್ಟೇ, ಇಡೀ ಊರಿನ ಜನರನ್ನೂ ಗಾಡಿಗಳನ್ನೂ ಓಡಾಡಿಸಬೇಕಲ್ಲ. ಸೈಬರ್‌ಪಂಕ್ 2077 ಹಾಕಿದೆಯೋ, ಬೆವರುವುದು ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡ್. ನಿನ್ನ ಹತ್ತಿರ ಕಾಕಾನ ಆಫೀಸಿನಿಂದ ಬಂದ ಮಾನಿಟರ್ ಇದೆ, 1080ಪಿ, 60 ಹರ್ಟ್ಜ್. ಅದು ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ತೋರಿಸುವುದಿಲ್ಲ. 300 ಫ್ರೇಮ್ ಬರುತ್ತದೆ ಅಂತ ಅಂಗಡಿಯವರು ಹೇಳಿದರೂ ಇವತ್ತು ಆ ಪರದೆಯಲ್ಲಿ ಅದು ಕಾಣುವುದಿಲ್ಲ.

ಆದರೆ ಸರಾಸರಿ ಫ್ರೇಮ್ ಒಂದನ್ನೇ ನೋಡಬೇಡ. ಸರಾಸರಿ 90 ಇದ್ದೂ, ಸ್ಮೋಕ್ ಬಿದ್ದು ಐದು ಜನ ಒಟ್ಟಿಗೆ ನುಗ್ಗಿದ ಕ್ಷಣಕ್ಕೆ 35ಕ್ಕೆ ಇಳಿದರೆ ಆಟ ಅಲ್ಲೇ ಜರ್ಕ್ ಹೊಡೆಯುತ್ತದೆ. ಗೆಲುವು ಸೋಲು ನಿರ್ಧಾರ ಆಗುವುದೂ ಅದೇ ಕ್ಷಣದಲ್ಲಿ. ಪರೀಕ್ಷೆ ಮಾಡುವವರು ‘1% ಲೋ’ ಅಂತ ಕೊಡುವ ಅಂಕಿ ಇದನ್ನೇ ಹೇಳುತ್ತದೆ. ಕಡಿಮೆ ಬಜೆಟ್ಟಿನಲ್ಲಿ ಪ್ರೊಸೆಸರ್ ಆರಿಸುವಾಗ ನಾನು ಮೊದಲು ಹುಡುಕುವುದು ಆ ಅಂಕಿಯನ್ನು. ನಾಲ್ಕು ಕೋರಿನ ಪ್ರೊಸೆಸರ್ ಸರಾಸರಿಯಲ್ಲಿ ಚೆನ್ನಾಗಿ ಕಂಡರೂ, ಹಿಂದೆ ಡಿಸ್ಕಾರ್ಡ್, ಬ್ರೌಸರ್, ರೆಕಾರ್ಡಿಂಗ್ ಓಡುತ್ತಿದ್ದರೆ ಈ ಜಾಗದಲ್ಲಿ ಕುಸಿಯುತ್ತದೆ. ಅದಕ್ಕೇ ನಿನಗೆ ಆರು ಕೋರ್, ಹನ್ನೆರಡು ಥ್ರೆಡ್‌ಗಿಂತ ಕಡಿಮೆಯದು ಬೇಡ. ಅದಕ್ಕಿಂತ ಹೆಚ್ಚಿನದೂ ಈಗ ಬೇಡ. ಎಂಟು ಕೋರಿಗೆ ಕೊಡುವ ದುಡ್ಡು ನಿನ್ನ ಬಜೆಟ್ಟಿನಲ್ಲಿ ನೇರವಾಗಿ ಗ್ರಾಫಿಕ್ಸ್ ಕಾರ್ಡಿನಿಂದ ಕಿತ್ತುಕೊಂಡ ದುಡ್ಡು.

ಆರು ಕೋರ್ ಅಂದಾಗ ಒಂದು ವಿಷಯ ಹೇಳಲೇಬೇಕು, ನಿನಗೆ ಖುಷಿ ಆಗುತ್ತದೆ. ಇಂಟೆಲ್‌ನ ಮೊದಲ ಆರು ಕೋರಿನ ಪ್ರೊಸೆಸರ್ ವಿನ್ಯಾಸಗೊಂಡದ್ದು ಇಲ್ಲೇ, ಬೆಂಗಳೂರಿನಲ್ಲಿ. 2008ರಲ್ಲಿ ಬಂದ, ಡನಿಂಗ್‌ಟನ್ ಅನ್ನುವ ಸಂಕೇತನಾಮದ ಕ್ಸಿಯಾನ್ 7400. ಸರ್ವರ್‌ಗಳಿಗಾಗಿ ಮಾಡಿದ್ದು, 190 ಕೋಟಿ ಟ್ರಾನ್ಸಿಸ್ಟರ್‌ಗಳದ್ದು. ಎಎಂಡಿ ಕೂಡ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ಇದೇ ಊರಿನಲ್ಲಿ ತೆರೆಯಿತು. ನೀನು ಡಿಪ್ಲೊಮಾ ಮುಗಿಸಿ ಏನು ಮಾಡಲಿ ಅಂತ ಕೇಳುತ್ತಿರುತ್ತೀಯಲ್ಲ, ಈ ಚಿಪ್ಪಿನೊಳಗಿನ ಕೆಲಸ ನಮ್ಮವರಿಗೆ ದೂರದ್ದಲ್ಲ ಅಂತ ತಿಳಿದಿರಲಿ.

ಆರು ಕೋರಿನಲ್ಲಿ ನಿನ್ನ ಕೈಗೆಟುಕುವವು ಮುಖ್ಯವಾಗಿ ಮೂರು. ಎಎಂಡಿಯ ರೈಜನ್ 5 5500, ರೈಜನ್ 5 5600, ಇಂಟೆಲ್‌ನ ಕೋರ್ ಐ5-12400ಎಫ್. ಮೂರೂ 2022ರವು, ಮೂರಕ್ಕೂ ಹನ್ನೆರಡು ಥ್ರೆಡ್.

5500 ಮತ್ತು 5600 ನಡುವೆ ನೂರೇ ಅಂಕಿಯ ವ್ಯತ್ಯಾಸ, ಅಣ್ಣ-ತಮ್ಮ ಇದ್ದಂತೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಒಳಗೆ ನೋಡಿದರೆ ವ್ಯತ್ಯಾಸ ದೊಡ್ಡದು. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್, 5500ರಲ್ಲಿ 16. ಕ್ಯಾಶ್ ಅಂದರೆ ಪ್ರೊಸೆಸರ್‌ನ ಒಳಗೇ ಇರುವ ಮೆಮೊರಿ. ಆಟದ ಲೆಕ್ಕಕ್ಕೆ ಮತ್ತೆ ಮತ್ತೆ ಬೇಕಾಗುವುದು ಅಲ್ಲೇ ಸಿಕ್ಕರೆ ಹೊರಗಿನ ರ‍್ಯಾಮ್‌ವರೆಗೆ ಹೋಗಿ ಕಾಯುವುದು ತಪ್ಪುತ್ತದೆ. ಆಟಗಳಿಗೆ ಕ್ಯಾಶ್ ಎಷ್ಟು ಮುಖ್ಯ ಅನ್ನುವುದಕ್ಕೆ ಅದೇ 2022ರ ರೈಜನ್ 7 5800ಎಕ್ಸ್3ಡಿ ಸಾಕ್ಷಿ. ಅದರ ಗಡಿಯಾರದ ವೇಗ 5800ಎಕ್ಸ್‌ಗಿಂತ ಸ್ವಲ್ಪ ಕಡಿಮೆಯೇ. ಮೇಲೊಂದು ಪದರ ಕ್ಯಾಶ್ ಕೂಡಿಸಿ 96 ಎಂಬಿ ಮಾಡಿದರು, ಅಷ್ಟಕ್ಕೇ ಆಟಗಳಲ್ಲಿ ಅದನ್ನು ಹಿಂದೆ ಹಾಕಿತು.

5500ರ ಎರಡನೆಯ ಕೊರತೆ, ಅದು ಪಿಸಿಐಇ 3.0ಕ್ಕೆ ನಿಂತುಬಿಡುತ್ತದೆ. 5600ದು 4.0. ನಿನ್ನ ಬಜೆಟ್ಟಿನ ಕಾರ್ಡುಗಳಿಗೆ ಇದು ಮುಖ್ಯ, ಯಾಕೆಂದರೆ ಅಗ್ಗದ ಕಾರ್ಡುಗಳಲ್ಲಿ ಡೇಟಾ ಓಡಾಡುವ ಲೇನುಗಳನ್ನೇ ಕಡಿಮೆ ಮಾಡಿರುತ್ತಾರೆ. ಆರ್‌ಎಕ್ಸ್ 6600ಕ್ಕೆ ಎಂಟು ಲೇನು, ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ. ಲೇನು ಕಡಿಮೆ, ಜೊತೆಗೆ 3.0ರ ವೇಗವೂ ಅರ್ಧ ಆದರೆ, ಕಾರ್ಡಿನ ಮೆಮೊರಿ ತುಂಬಿದಾಗ ಆಟ ಮುಗ್ಗರಿಸುತ್ತದೆ. 6500 ಎಕ್ಸ್‌ಟಿಯಲ್ಲಿ ಇದು ಎದ್ದು ಕಾಣುತ್ತದೆ. ಮದರ್‌ಬೋರ್ಡ್ ಕೂಡ ಬಿ550 ಇರಲಿ. ಎ520, ಬಿ450 ಎರಡೂ 3.0ಕ್ಕೇ ನಿಲ್ಲುತ್ತವೆ.

12400ಎಫ್ ಬಗ್ಗೆ ನನಗೆ ದೂರೇನಿಲ್ಲ. 18 ಎಂಬಿ ಎಲ್3 ಕ್ಯಾಶ್, 4.4 ಗಿಗಾಹರ್ಟ್ಜ್‌ವರೆಗೆ ಓಡುತ್ತದೆ, ಆಟದಲ್ಲಿ 5600ರ ಸರಿಸಮ. ಕೆಲವು ಆಟದಲ್ಲಿ ಅದು ಮೇಲೆ, ಕೆಲವದರಲ್ಲಿ ಇದು ಮೇಲೆ. ಕೊನೆಯಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. 5600ರ ಹೆಸರಿನಲ್ಲಿ ಎಫ್ ಇಲ್ಲದಿದ್ದರೂ ಅದರಲ್ಲೂ ಗ್ರಾಫಿಕ್ಸ್ ಇಲ್ಲ. ಎರಡಕ್ಕೂ ಕಾರ್ಡ್ ಬೇಕೇ ಬೇಕು, ಎಚ್‌ಡಿಎಂಐ ಕೇಬಲ್ ಕಾರ್ಡಿಗೇ ಚುಚ್ಚಬೇಕು. ಮದರ್‌ಬೋರ್ಡಿನ ಪೋರ್ಟಿಗೆ ಚುಚ್ಚಿ ಪರದೆ ಕಪ್ಪಾಗಿದ್ದು ನೋಡಿ ಮಷೀನ್ ಸತ್ತಿದೆ ಅಂತ ಗಾಬರಿ ಆಗಬೇಡ.

ಇಂಟೆಲ್‌ನಲ್ಲಿ ಇನ್ನೊಂದು ಎಚ್ಚರಿಕೆ. ‘ಹದಿಮೂರನೇ ಜನರೇಷನ್ ಐ5 ಕೆ ಸೀರೀಸ್, ಸೆಕೆಂಡ್ ಹ್ಯಾಂಡ್, ಸಸ್ತಾದಲ್ಲಿ ಇದೆ’ ಅಂತ ಯಾರಾದರೂ ಹೇಳಿದರೆ ಕೈ ಹಾಕಬೇಡ. 13 ಮತ್ತು 14ನೇ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಚಿಪ್ಪೇ ಸವೆದು ಅಸ್ಥಿರವಾಗುವ ತೊಂದರೆ ಇದೆ ಅಂತ 2024ರಲ್ಲಿ ಇಂಟೆಲ್ ತಾನೇ ಒಪ್ಪಿಕೊಂಡು, ಮೈಕ್ರೋಕೋಡ್ ಅಪ್‌ಡೇಟ್ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಹೊಸದು ಕೊಂಡು ಬಯಾಸ್ ಅಪ್‌ಡೇಟ್ ಮಾಡಿಕೊಂಡವರ ಮಾತು ಬೇರೆ. ಒಬ್ಬರ ಮನೆಯಲ್ಲಿ ಹೇಗೆ ಓಡಿದೆಯೋ ಗೊತ್ತಿಲ್ಲದ್ದನ್ನು ನೀನು ಕೊಳ್ಳುವುದು ಬೇಡ. 12400ಎಫ್‌ಗೆ ಈ ಕಾಟ ಇಲ್ಲ, ಅದು ಹನ್ನೆರಡನೆಯದು.

ನೀನು ರೈಜನ್ 5 7600 ಕೂಡ ಕೇಳಿದ್ದೆ. ಒಳ್ಳೆಯ ಪ್ರೊಸೆಸರ್. ಎಎಂ5 ಸಾಕೆಟ್‌ಗೆ ಮುಂದೆಯೂ ಹೊಸ ಪ್ರೊಸೆಸರ್‌ಗಳು ಬರುತ್ತವೆ, ನಾಲ್ಕು ವರ್ಷ ಬಿಟ್ಟು ಪ್ರೊಸೆಸರ್ ಒಂದನ್ನೇ ಬದಲಿಸಬಹುದು. 5600 ಕೂರುವ ಎಎಂ4 ತನ್ನ ಕೊನೆ ಮುಟ್ಟಿದೆ, 12400ಎಫ್ ಕೂರುವ ಎಲ್‌ಜಿಎ 1700 ಕೂಡ. ಆದರೆ 7600ಕ್ಕೆ ಡಿಡಿಆರ್5 ರ‍್ಯಾಮೇ ಬೇಕು. ಎಐ ಸರ್ವರ್‌ಗಳ ಹಸಿವಿನಿಂದ 2025ರ ಕೊನೆಯಿಂದ ಮೆಮೊರಿ ಬೆಲೆ ಎಲ್ಲಿಗೆ ಏರಿದೆ ಅಂತ ನೀನೇ ನೋಡುತ್ತಿದ್ದೀ. ಬೋರ್ಡು, ರ‍್ಯಾಮ್, ಪ್ರೊಸೆಸರ್ ಮೂರೂ ಸೇರಿ ನಿನ್ನ ಐವತ್ತು ಸಾವಿರದ ಬಹುಪಾಲು ನುಂಗಿದರೆ ಕಾರ್ಡಿಗೆ ಉಳಿಯುವುದು ಚಿಲ್ಲರೆ. ಮುಂದೆಂದೋ ಬದಲಿಸುವ ಅನುಕೂಲಕ್ಕಾಗಿ ಈ ವರ್ಷದ ಆಟ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾಗಿ ನನ್ನ ತೀರ್ಮಾನ ಇದು: ರೈಜನ್ 5 5600, ಬಿ550 ಬೋರ್ಡು, 8 ಜಿಬಿಯ ಎರಡು ಡಿಡಿಆರ್4 ಕಡ್ಡಿ. ಪ್ರೊಸೆಸರ್‌ಗೆ ಕೊಟ್ಟದ್ದರ ಎರಡರಷ್ಟಾದರೂ ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ, ಅದರ ಮೆಮೊರಿ 8 ಜಿಬಿಗೆ ಕಡಿಮೆ ಇರಬಾರದು. ಅಂಗಡಿಗೆ ಹೋದ ದಿನ 12400ಎಫ್ ಮತ್ತು ಬಿ660 ಬೋರ್ಡಿನ ಜೋಡಿ ಅಗ್ಗಕ್ಕೆ ಸಿಕ್ಕರೆ ಅದನ್ನೇ ತಗೋ. ಡಿಡಿಆರ್4 ಬೋರ್ಡು ಅಂತ ಮಾತ್ರ ಖಾತ್ರಿ ಮಾಡಿಕೊ, ಬಿ660ರಲ್ಲಿ ಎರಡೂ ಥರ ಬರುತ್ತವೆ. ಯಾವಾಗಲೂ ಜೋಡಿಯ ಬೆಲೆ ಹೋಲಿಸು, ಬಿಡಿ ಪ್ರೊಸೆಸರ್‌ನದ್ದಲ್ಲ.

ಕಾರ್ಡಿಗೆ ದುಡ್ಡೇ ಸಾಲದಿದ್ದರೆ ಇನ್ನೊಂದು ದಾರಿ ರೈಜನ್ 5 5600ಜಿ. ಒಳಗೇ ವೇಗಾ ಗ್ರಾಫಿಕ್ಸ್ ಇದೆ, ವ್ಯಾಲೊರಂಟ್, ಜಿಟಿಎ 5 ಸೆಟ್ಟಿಂಗ್ ಇಳಿಸಿಕೊಂಡು ಆಡಬಹುದು. ಅದಕ್ಕೆ ಕ್ಯಾಶ್ 16 ಎಂಬಿ, ಪಿಸಿಐಇ 3.0. ಅಂದರೆ ಮುಂದೆ ಕಾರ್ಡ್ ಹಾಕಿದಾಗ 5500ರ ಕಥೆಯೇ. ನನ್ನನ್ನು ಕೇಳಿದರೆ, ಎರಡು ತಿಂಗಳು ಕಾದು 5600 ಮತ್ತು ಕಾರ್ಡನ್ನು ಒಟ್ಟಿಗೇ ತಗೋ. ಐದು ಸಾವಿರದವರೆಗೆ ಕಡಿಮೆ ಬಿದ್ದರೆ ನಾನು ಹಾಕುತ್ತೇನೆ, ನಾಚಿಕೊಳ್ಳಬೇಡ.

ಜೋಡಿಸುವಾಗ ಪಕ್ಕದಲ್ಲೇ ನಿಂತು ನೋಡು, ಬಿಟ್ಟರೆ ನೀನೇ ಜೋಡಿಸು. ಎಎಂ4 ಪ್ರೊಸೆಸರ್‌ನ ಹೊಟ್ಟೆಯಡಿಯಲ್ಲಿ 1331 ಚಿನ್ನದ ಬಣ್ಣದ ಪಿನ್ನುಗಳಿವೆ, ಕೂದಲಿನಷ್ಟು ನಾಜೂಕು. ಅಂಚು ಹಿಡಿದು ಎತ್ತು, ಬೆಳಕಿಗೆ ಓರೆಯಾಗಿ ಹಿಡಿದು ಸಾಲು ನೆಟ್ಟಗಿದೆಯೇ ನೋಡು. ಒಂದು ಮೂಲೆಯಲ್ಲಿ ಪುಟ್ಟ ತ್ರಿಕೋನದ ಗುರುತಿದೆ, ಸಾಕೆಟ್ಟಿನ ಮೇಲೂ ಇದೆ, ಎರಡೂ ಒಂದೇ ಮೂಲೆಗೆ ಬರಬೇಕು. ಲಿವರ್ ಎತ್ತಿ ಇಟ್ಟರೆ ಅದು ತನ್ನ ಭಾರಕ್ಕೇ ಇಳಿದು ಕೂರುತ್ತದೆ. ಕೂರಲಿಲ್ಲವೆಂದರೆ ಎತ್ತಿ ಮತ್ತೆ ನೋಡು, ಒತ್ತಬೇಡ. ಜೊತೆಗೆ ಬರುವ ರೇಯ್ತ್ ಸ್ಟೆಲ್ತ್ ಕೂಲರ್‌ಗೆ ನಾಲ್ಕು ಸ್ಕ್ರೂ. ಬೋರ್ಡಿನ ಮೇಲಿರುವ ಪ್ಲಾಸ್ಟಿಕ್ ಹಿಡಿಗಳನ್ನು ಮೊದಲು ಬಿಚ್ಚಬೇಕು, ಬಿಚ್ಚುವಾಗ ಹಿಂದಿನ ಲೋಹದ ಪಟ್ಟಿ ಕಳಚಿ ಬೀಳದಂತೆ ಕೈ ಒತ್ತಿರಲಿ. ಸ್ಕ್ರೂಗಳನ್ನು ಎದುರು-ಬದುರು ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಬಿಗಿ ಮಾಡು. ಮುಂದೆಂದಾದರೂ ಕೂಲರ್ ತೆಗೆಯುವಾಗ ಮಷೀನನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಬಿಸಿಯಾದ ಮೇಲೆ ಆಫ್ ಮಾಡಿ, ಮೆಲ್ಲಗೆ ತಿರುಚಿ ಬಿಡಿಸು. ನೇರ ಮೇಲಕ್ಕೆ ಜಗ್ಗಿದರೆ ಲಿವರ್ ಹಾಕಿದ್ದರೂ ಪ್ರೊಸೆಸರ್ ಅದಕ್ಕಂಟಿಕೊಂಡು ಎದ್ದು ಬಂದು ಪಿನ್ನು ಮಣಿಯುತ್ತದೆ.

ಶುರುವಾದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡು. ಎಷ್ಟೋ ಮನೆಗಳಲ್ಲಿ 3200 ಅಂತ ದುಡ್ಡು ಕೊಟ್ಟು ತಂದ ರ‍್ಯಾಮ್ ಇದೊಂದು ಮಾಡದೆ ವರ್ಷಗಟ್ಟಲೆ ಕಡಿಮೆ ವೇಗದಲ್ಲಿ ಓಡುತ್ತಿರುತ್ತದೆ. ಎರಡು ಕಡ್ಡಿಗಳನ್ನು ಪಕ್ಕಪಕ್ಕದ ಸ್ಲಾಟಿನಲ್ಲಿ ಹಾಕಬೇಡ. ನಾಲ್ಕು ಸ್ಲಾಟಿದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು.

ನಮ್ಮೂರಿನ ಬಿಸಿಲಿನ ಬಗ್ಗೆ ನಿನಗೆ ಚಿಂತೆ ಇದೆ, ಸರಿಯಾದದ್ದೇ. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ, ಪತ್ರಾಸಿನ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು. 5600ರ ಮಿತಿ 90 ಡಿಗ್ರಿ, ಅದಕ್ಕೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಸುಟ್ಟುಹೋಗುವುದಿಲ್ಲ. 65 ವ್ಯಾಟಿನ ಪ್ರೊಸೆಸರ್‌ಗೆ ಜೊತೆಯಲ್ಲಿ ಬಂದ ಕೂಲರ್ ಸಾಕು, ಆದರೆ ಕ್ಯಾಬಿನೆಟ್ಟಿನ ಮುಂಭಾಗ ಗಾಜಿನದ್ದು ಬೇಡ, ಜಾಳಿಗೆಯದ್ದು ಇರಲಿ. ಮುಂದೆ ಗಾಳಿ ಒಳಗೆಳೆಯಲು ಒಂದು ಫ್ಯಾನು, ಹಿಂದೆ ಹೊರಹಾಕಲು ಒಂದು. ತಿಂಗಳಿಗೊಮ್ಮೆ ಧೂಳು ತೆಗೆ. ಕರೆಂಟು ಹೋಗಿ ಬರುವ ಊರು ನಮ್ಮದು. ಲೈಟಿನ ಕ್ಯಾಬಿನೆಟ್ಟಿಗೆ ಕೊಡುವ ಹೆಚ್ಚಿನ ದುಡ್ಡನ್ನು ಒಳ್ಳೆಯ ಪವರ್ ಸಪ್ಲೈಗೆ ಕೊಡು.

ಅಪ್ಪನ ಮಾತಿಗೆ ನೊಂದುಕೊಳ್ಳಬೇಡ. ‘ಆಡಾಕ ಐವತ್ತು ಸಾವಿರೇನು’ ಅಂದರಂತೆ. ಅವರು ದುಡ್ಡಿನ ಕಷ್ಟ ಕಂಡವರು, ಹಾಗೆ ಅನ್ನುವುದು ಸಹಜ. ನೀನು ಮಾತ್ರ ‘ಓದೋದಕ್ಕೆ’ ಅಂತ ಸುಳ್ಳು ಹೇಳಬೇಡ. ಇದೇ ಮಷೀನಿನಲ್ಲಿ ಆಟೋಕ್ಯಾಡ್, ಬ್ಲೆಂಡರ್ ಎಲ್ಲ ನಡೆಯುತ್ತವೆ, ನಿನ್ನ ಪ್ರಾಜೆಕ್ಟೂ ಆಗುತ್ತದೆ, ಅದು ನಿಜ. ಆದರೆ ನೀನು ಕೊಳ್ಳುತ್ತಿರುವುದು ಆಡಲಿಕ್ಕೆ, ಅದೂ ನಿನ್ನ ದುಡಿಮೆಯಲ್ಲಿ. ದುಡಿದ ಹುಡುಗ ರಾತ್ರಿ ಒಂದೆರಡು ಗಂಟೆ ಗೆಳೆಯರ ಜೊತೆ ಆಡುವುದರಲ್ಲಿ ತಪ್ಪೇನಿಲ್ಲ ಅಂತ ನಾನೇ ಅವ್ವನ ಮುಂದೆ, ಅಪ್ಪನ ಮುಂದೆ ಹೇಳುತ್ತೇನೆ. ಪರೀಕ್ಷೆ ಹತ್ತಿರ ಬಂದಾಗ ಅದನ್ನು ಮುಚ್ಚಿಡುವ ಜವಾಬ್ದಾರಿ ನಿನ್ನದು.

ಅಲ್ಲಿ ಸಿಗದಿದ್ದರೆ ಒಂದು ರಾತ್ರಿ ಬಸ್ಸು ಹತ್ತಿ ಬಾ. ಎಸ್‌ಪಿ ರೋಡಿನಲ್ಲಿ ಒಂದೇ ಬೆಳಗ್ಗೆ ಹತ್ತು ಅಂಗಡಿ ಕೇಳಬಹುದು, ನಾನೂ ಜೊತೆಗಿರುತ್ತೇನೆ. ಎಲ್ಲಿ ತಗೊಂಡರೂ ಮೊಹರು ಒಡೆಯದ ಡಬ್ಬಿಯಲ್ಲೇ ತಗೋ. ಡಬ್ಬಿಗೆ ಕಂಪನಿಯದೇ ಮೂರು ವರ್ಷದ ವಾರಂಟಿ ಇದೆ. ಡಬ್ಬಿಯಿಲ್ಲದೆ ‘ಟ್ರೇ ಪೀಸ್’ ಅಂತ ಅಗ್ಗಕ್ಕೆ ಕೊಡುವುದಕ್ಕೆ ಅಂಗಡಿಯವರ ಮಾತೇ ವಾರಂಟಿ. ಬಿಲ್ ಇಲ್ಲದೆ ಕೊಟ್ಟರೆ ಜಿಎಸ್‌ಟಿ 18 ಪರ್ಸೆಂಟ್ ಉಳಿಯುತ್ತದೆ ಅಂದರೂ ಒಪ್ಪಬೇಡ. ಹಣ ಕೊಡುವ ಮೊದಲು ಬಿಲ್ಲಿನ ಮೇಲೆ ಪ್ರೊಸೆಸರ್‌ನ ಪೂರ್ತಿ ಹೆಸರು, ಡಬ್ಬಿಯ ಮೇಲಿನ ಸೀರಿಯಲ್ ನಂಬರು ಎರಡನ್ನೂ ಬರೆಸಿಕೊಂಡು, ಅದರ ಫೋಟೊ ನನಗೆ ಕಳಿಸು.

ನಿನ್ನ ಅಕ್ಕ